ಬಿರುಗಾಳಿಗೆ ಮಡಿಲು ತುಂಬಿದ ಅತ್ತೆ

ತಿಗನಾರೆಯ ನಮ್ಮ ಅತ್ತೆಯ ಮನೆಯ ಮುಂಬಾಗಿಲಿಗೆ ಅಗುಳಿ ಇರಲಿಲ್ಲ. ಒಂದು ಕಾಲದಲ್ಲಿ ಇತ್ತಂತೆ. ಮುರಿದ ಮೇಲೆ ಯಾರೂ ಬೇರೆ ಹಾಕಿಸಲಿಲ್ಲ, ಬೇಕಾಗಲೂ ಇಲ್ಲ. ಊಟವಾದ ಮೇಲೆ ಅತ್ತೆ ಬಾಗಿಲನ್ನು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ಕೂತು, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅಲ್ಲಿಗೆ ಬಾಗಿಲು ಭದ್ರ. ಮಾವ ಕೊಟ್ಟಿಗೆಯ ಕೆಲಸ ಮುಗಿಸಿ ಬಂದರೆ ಕದ ತಟ್ಟುತ್ತಿರಲಿಲ್ಲ. ಹೊರಗೆ ನಿಂತು ಒಂದು ಸಲ ಕೆಮ್ಮುತ್ತಿದ್ದರು. ಬಾಯಲ್ಲಿದ್ದ ಎಲೆಯಡಿಕೆ ಮುಗಿದ ಮೇಲೆ ಅತ್ತೆ ಏಳುತ್ತಿದ್ದಳು.

ಅಂಥ ಬೆನ್ನನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ದಪ್ಪ ಎಂದರೆ ಅವಳಿಗೆ ಅನ್ಯಾಯವಾಗುತ್ತದೆ. ದಪ್ಪಗಿರುವವರು ಸಾಮಾನ್ಯವಾಗಿ ಮೈಯನ್ನು ಹಿಡಿಮಾಡಿಕೊಂಡು, ಜನರ ನಡುವೆ ಜಾಗ ಕೇಳಿಕೊಂಡು ನಡೆಯುತ್ತಾರೆ. ಅತ್ತೆ ತನ್ನ ಅಗಲವನ್ನು ತವರಿನಿಂದ ಬಂದ ಆಸ್ತಿಯ ಹಾಗೆ ಇಟ್ಟುಕೊಂಡಿದ್ದಳು. ತಾಳವಾಡಿ ಸಂತೆಯಲ್ಲಿ ಅವಳು ನಡೆದರೆ ಹಿಂದೆ ದಾರಿಯಾಗುತ್ತಿತ್ತು. ಆ ದಾರಿಯಲ್ಲಿ ಮಾವ, ಕಡ್ಡಿಯಂಥ ಮನುಷ್ಯ, ಚೀಲ ಹಿಡಿದು ಆರಾಮವಾಗಿ ಬರುತ್ತಿದ್ದರು.

ಅವರ ಹೊಲ ಕಾಡಂಚಿನಲ್ಲಿತ್ತು. ರಾಗಿ ತೆನೆ ಕಟ್ಟಿತೆಂದರೆ ಆನೆ, ಹಂದಿಗಳ ಕಾವಲಿಗೆ ಅಟ್ಟಣೆ ಹತ್ತಬೇಕು. ಮಾವ ಹತ್ತಿದರೆ ಆನೆಗಿಂತ ಮೊದಲು ನಿದ್ದೆ ಬರುತ್ತಿತ್ತು. ಹಾಗಾಗಿ ಏಣಿಯನ್ನು ಬಲಪಡಿಸಿ ಅತ್ತೆಯೇ ಹತ್ತತೊಡಗಿದಳು. ಬೇರೆಯವರು ತಗಡು ಬಡಿಯುತ್ತಿದ್ದರು, ಪಟಾಕಿ ಹಚ್ಚುತ್ತಿದ್ದರು. ಅತ್ತೆ ಮಾತಾಡುತ್ತಿದ್ದಳು.

"ಓಗಪ್ಪ, ಓಗು. ಇಲ್ಲೇನದ? ಬರೀ ಕಡ್ಡಿ. ಅಗಾ, ಆಚ ಒಲ್ದಲ್ಲಿ ಚಿಕ್ಕಬಸಪ್ಪನ ರಾಗಿ ಎದೆಗಂಟ ಬೆಳ್ದು ನಿಂತದ. ಅಲ್ಲಿ ನೋಡ್ಕೊಂಡೋಗು."

ಆಚೆ ಹೊಲದ ಅಟ್ಟಣೆಯಿಂದ ಚಿಕ್ಕಬಸಪ್ಪ ಕೂಗುತ್ತಿದ್ದ: "ಅಕ್ಕೋ! ಏನಂತಾ ಇದ್ದೀಯೆ ಆನೆಗ?"

"ಏನಿಲ್ಲ ಕಣ್ಲಾ. ಮಾದಪ್ಪನ ನೆನಿತಾ ಇವ್ನಿ."

ಇಷ್ಟು ದೊಡ್ಡ ಹೆಂಗಸು ಒಂದು ಸಣ್ಣ ಬಟ್ಟೆಯ ವಿಷಯಕ್ಕೆ ವರ್ಷಗಟ್ಟಲೆ ಮುನಿಸಿಕೊಂಡಿದ್ದಳು. ಅದು ನಮ್ಮ ಅಪ್ಪ ಅಮ್ಮನ ಮದುವೆಯ ದಿನದ ಕತೆ. ಅಪ್ಪ ಅವಳ ಒಬ್ಬನೇ ತಮ್ಮ. ನಮ್ಮ ಕಡೆ ತವರಿಗೆ ಬಂದ ಹೆಣ್ಣುಮಗಳು ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ಕಾಯಿ, ಬೆಲ್ಲ, ಎಲೆಯಡಿಕೆ, ಒಂದು ರವಿಕೆ ಬಟ್ಟೆ ಹಾಕಿ ಮಡಿಲು ತುಂಬಿ ಕಳಿಸುತ್ತಾರೆ. ಬರಿ ಮಡಿಲಲ್ಲಿ ಮನೆಮಗಳು ಹೋದರೆ ಆ ತವರು ಏಳಿಗೆಯಾಗುವುದಿಲ್ಲ ಎಂದು ನಂಬಿಕೆ. ಅಜ್ಜಿ ಇರಲಿಲ್ಲವಾದ್ದರಿಂದ ಅತ್ತೆಗೆ ಮಡಿಲು ತುಂಬುವ ಕೆಲಸ ಹೊಸ ಸೊಸೆಯ ಪಾಲಿಗೆ ಬಂತು. ರವಿಕೆ ಬಟ್ಟೆಯನ್ನು ಅಂಗಡಿಯವನು ಎಲ್ಲರಿಗೂ ಕತ್ತರಿಸುವ ಅಳತೆಗೇ ಕತ್ತರಿಸಿದ್ದ. ಅತ್ತೆ ಅದನ್ನು ಬಿಡಿಸಿ, ನೆಂಟರೆಲ್ಲರ ಎದುರು ಎದೆಗೆ ಅಡ್ಡ ಹಿಡಿದಳು.

"ಇದು ಒಂದು ತೋಳಿಗಾಯ್ತದ. ಇನ್ನೊಂದು ತೋಳ್ನ ತವರಲ್ಲೇ ಬುಟ್ಟೋಗ್ಲಾ?"

ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಸೆರಗಿನ ಮರೆಯಲ್ಲಿ ಮದುಮಗಳೂ ನಕ್ಕಳು. ಅತ್ತೆ ಎಲ್ಲರನ್ನೂ ಕ್ಷಮಿಸಿದಳು, ಮದುಮಗಳನ್ನು ಬಿಟ್ಟು. ಅಕ್ಕಿಯನ್ನು ಮೊರಕ್ಕೆ ವಾಪಸು ಸುರಿದು, ಬಟ್ಟೆಯನ್ನು ಅದರ ಮೇಲೆ ಹಾಕಿ ನಡೆದುಬಿಟ್ಟಳು.

ಆಮೇಲೆ ನಮ್ಮ ಮನೆಗೆ ಬರುವುದನ್ನೇನೂ ನಿಲ್ಲಿಸಲಿಲ್ಲ. ಬರುತ್ತಿದ್ದಳು, ಉಣ್ಣುತ್ತಿದ್ದಳು, ಅಮ್ಮನ ಸಾರಿಗೆ ಹುಳಿ ಜಾಸ್ತಿ ಎನ್ನುತ್ತಿದ್ದಳು. ಹೋಗುವುದು ಮಾತ್ರ ಕಳ್ಳಿಯ ಹಾಗೆ. ಅಮ್ಮ ಮೊರ ತರಲು ಒಳಕ್ಕೆ ಹೋದದ್ದೇ ತಡ, ಅತ್ತೆ ಹಿತ್ತಲ ಬಾಗಿಲಿಂದ ಮಾಯ. ಅಷ್ಟು ದೊಡ್ಡ ಮೈ ಅಷ್ಟು ಸಣ್ಣ ಬಾಗಿಲಲ್ಲಿ ಸದ್ದಿಲ್ಲದೆ ಹೇಗೆ ತೂರುತ್ತಿತ್ತೋ! ಅಮ್ಮ ಮೊರ ಹಿಡಿದು ಬೀದಿಗೆ ಓಡಿಬರುವ ಹೊತ್ತಿಗೆ ಆ ಬೆನ್ನು ಬೇಲಿಯ ತಿರುವು ದಾಟುತ್ತಿತ್ತು. ಅಮ್ಮ ಹೊಸಲಿನ ಮೇಲೆ ಕೂತು ಅಳುತ್ತಿದ್ದಳು. ಈ ಮನೆಯಲ್ಲಿ ಕಾಲು ನೋವಾದರೂ ಹಸು ಬತ್ತಿದರೂ ಅದಕ್ಕೆ ಕಾರಣ ಆ ಬರಿ ಮಡಿಲು ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು.

ಎಪ್ಪತ್ತರ ದಶಕದಲ್ಲಿ ಅಪ್ಪನಿಗೆ ಮಾರಿಷಸ್ಸಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ರಸಾಯನ ವಿಭಾಗದ ಕೆಲಸ ಸಿಕ್ಕಿ ನಾವು ಮೂವರೂ ಹೊರಟುಹೋದೆವು. ಅಲ್ಲಿ ನನ್ನ ತಮ್ಮ ಹುಟ್ಟುವ ಕಾಲ ಹತ್ತಿರವಾದಾಗ ಬಾಣಂತನಕ್ಕೆ ಯಾರೂ ಇರಲಿಲ್ಲ. ಅಪ್ಪ ಅಳುಕುತ್ತಲೇ ಅಕ್ಕನನ್ನು ಕೇಳಿದರು. ಅತ್ತೆ ಮಾವನನ್ನು ದನಗಳಿಗೂ ದನಗಳನ್ನು ಮಾವನಿಗೂ ಒಪ್ಪಿಸಿ, ಕಾರ್ಖಾನೆಯ ಇನ್ನೊಬ್ಬರ ಸಂಸಾರದ ಜೊತೆ ವಿಮಾನ ಹತ್ತಿ ಬಂದಳು. ನಿಲ್ದಾಣದಲ್ಲಿ ಅಪ್ಪನಿಗೆ ಹೇಳಿದ ಮೊದಲ ಮಾತು ಇದು:

"ಅಲ್ಲ ಕಣ್ಲಾ ಬಸಪ್ಪ, ಆ ಇಮಾನ್ದಲ್ಲಿ ಸೊಂಟಕ್ಕ ಒಂದು ಪಟ್ಟಿ ಕಟ್ತಾರಲ್ಲ, ಅದೂ ಸಾಲ್ದಲ್ಲ. ಅದ್ನೂ ನಿನ್ನೆಂಡ್ತಿಯೇ ತಂದ್ಕೊಟ್ಟಿದ್ಲಾ?"

ಎರಡನೆಯ ಮಾತನ್ನು ಅಮ್ಮನಿಗೆ ಕೇಳುವ ಹಾಗೆ ಹೇಳಿದಳು: "ನಾ ಬಂದದ್ದು ಕೂಸಿಗ. ಬ್ಯಾರೆ ಯಾರ್ಗೂ ಅಲ್ಲ."

ಕೂಸು ಹುಟ್ಟಿತು. ಅತ್ತೆ ಎರಡನ್ನೂ, ಕೂಸನ್ನೂ ಬಾಣಂತಿಯನ್ನೂ, ಒಂದೇ ಬಿರುಸಿನಿಂದ ಎರೆದು ತಿಕ್ಕಿ ಸಾಂಬ್ರಾಣಿ ಹೊಗೆ ಕೊಟ್ಟಳು. ಪಕ್ಕದ ಮನೆಯ ಮೀನಾಚಿ ಎಂಬ ಹೆಂಗಸಿನ ಜೊತೆ ಬೇಲಿಯ ಮೇಲೆ ತಾಸುಗಟ್ಟಲೆ ಹರಟುತ್ತಿದ್ದಳು. ಮೀನಾಚಿಯ ಮುತ್ತಜ್ಜಂದಿರು ತಮಿಳುನಾಡಿನಿಂದ ಹೋದವರು. ಅವಳಿಗೆ ಉಳಿದಿದ್ದ ತಮಿಳು ಹತ್ತಾರು ಮಾತು. ಗಡಿಯೂರಿನ ಅತ್ತೆ ತನಗೆ ಬರುವ ತಮಿಳಿನಲ್ಲಿ ಕೇಳುವುದು, ಅವಳು ದ್ವೀಪದ ಭಾಷೆಯಲ್ಲಿ ಉತ್ತರ ಕೊಡುವುದು. ಇಬ್ಬರಿಗೂ ತೃಪ್ತಿಯಾಗುತ್ತಿತ್ತು.

ಹಾಗಿರುವಾಗ ಒಂದು ದಿನ ರೇಡಿಯೋ ಬಿರುಗಾಳಿಯ ಸುದ್ದಿ ಹೇಳಿತು. ಜನ ಅಂಗಡಿಗೆ ಓಡಿ ಬ್ರೆಡ್ಡು, ಮೇಣದ ಬತ್ತಿ ತಂದರು. ಅಪ್ಪ ಕಿಟಕಿಗಳಿಗೆ ಹಲಗೆ ಹೊಡೆದರು. ನಮ್ಮದು ಕಾರ್ಖಾನೆ ಕೊಟ್ಟ ಮನೆ: ಮರದ ಗೋಡೆ, ತಗಡಿನ ಚಾವಣಿ. ಅಮ್ಮ ಇದ್ದಬದ್ದ ಪಾತ್ರೆಗಳಿಗೆಲ್ಲ ನೀರು ತುಂಬಿಸಿಕೊಂಡಳು. ಅತ್ತೆ ಎರಡು ಬಾಗಿಲಿಗೂ ಮೂರು ಬೆರಳಲ್ಲಿ ವಿಭೂತಿ ಬಳಿದು, ಆಮೇಲೆ ವಿಚಾರಣೆಗೆ ಕೂತಳು.

"ಅದೇನ್ಲಾ ಎಸ್ರು ಏಳ್ತಾ ಅದ ರೇಡಿಯೋ?"

"ಗಾಳಿಯ ಹೆಸರು ಅಕ್ಕ. ಇಲ್ಲಿ ಬಿರುಗಾಳಿಗಳಿಗೆ ಹೆಂಗಸರ ಹೆಸರು ಇಡ್ತಾರೆ."

ಅತ್ತೆಯ ಕಣ್ಣು ಅರಳಿತು. "ಎಣ್ಣಾ?"

"ಹೂಂ. ದೊಡ್ಡ ಚಕ್ರದ ಹಾಗೆ ಸುತ್ತುತ್ತಾ ಸಮುದ್ರದಿಂದ ಬರುತ್ತೆ. ನಡುಭಾಗ ನಮ್ಮ ಮೇಲೆ ಬಂದಾಗ ಗಾಳಿ ಪೂರಾ ನಿಂತುಹೋಗುತ್ತೆ. ಆಗ ಯಾರೂ ಹೊರಗೆ ಹೋಗಬಾರದು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ತಿರುಗಿ ಬಡಿಯುತ್ತೆ."

"ಒಂದ್ಸಲ ಬಂದೋದೋಳು ಯಾಕ್ಲಾ ತಿರುಗ ಬತ್ತಾಳ? ಏನಾದ್ರೂ ಮರ್ತೋಗಿದ್ರ ಬರ್ಬೇಕು." ಅಡಿಗೆಮನೆಯ ಕಡೆಗೆ ದನಿ ಎತ್ತರಿಸಿದಳು. "ಇಲ್ಲಾಂದ್ರ ತವರಲ್ಲಿ ರವ್ಕೆ ಬಟ್ಟೆ ಚಿಕ್ಕದು ಕೊಟ್ಟಿರ್ಬೇಕು. ಅದ್ಕೇ ಅವಳು ಇಂಗಾಡ್ತಾ ಇರಾದು!"

ಅಡಿಗೆಮನೆಯಲ್ಲಿ ಒಂದು ಪಾತ್ರೆ ಸ್ವಲ್ಪ ಜೋರಾಗಿಯೇ ಕೆಳಗೆ ಇಟ್ಟ ಸದ್ದಾಯಿತು.

ಆ ಗಾಳಿಯ ನಿಜವಾದ ಹೆಸರು ನನಗೆ ನೆನಪಿಲ್ಲ. ಅತ್ತೆ ಅದನ್ನು ಬಾಯಿಗೆ ತಂದುಕೊಳ್ಳಲೇ ಇಲ್ಲ. ಅವಳಿಟ್ಟ ಹೆಸರು ಗಾಳವ್ವ.

ಗಾಳವ್ವ ಮರುದಿನ ಬೆಳಗ್ಗೆ ಬಂದಳು. ಮೊದಲು ಸಿಳ್ಳೆ, ಆಮೇಲೆ ಗೋಡೆಯ ಹಲಗೆಗಳೆಲ್ಲ ಹಲ್ಲು ಕಡಿದ ಹಾಗೆ ಸದ್ದು, ಆಮೇಲೆ ಯಾವ ಸದ್ದು ಯಾವುದರದ್ದೆಂದು ತಿಳಿಯದ ಒಂದೇ ಮೊರೆತ. ತಮ್ಮನನ್ನು ಊಟದ ಮೇಜಿನ ಕೆಳಗೆ ಬುಟ್ಟಿಯಲ್ಲಿ ಮಲಗಿಸಿ ಅಮ್ಮ ಅದಕ್ಕೆ ಅಡ್ಡವಾಗಿ ಕೂತಿದ್ದಳು. ಗಾಳಿ ನೇರವಾಗಿ ಮುಂಬಾಗಿಲಿಗೆ ಹೊಡೆಯುತ್ತಿತ್ತು. ಚಿಲಕದ ಮೊಳೆಗಳು ಒಂದೊಂದಾಗಿ ಮರದಿಂದ ಹೊರಕ್ಕೆ ಬರುವುದನ್ನು ನಾನು ನೋಡುತ್ತಲೇ ಇದ್ದೆ. ಅಪ್ಪ ಕುರ್ಚಿ ತಂದು ಒತ್ತಿದರು, ಕುರ್ಚಿ ಜಾರಿತು. ಬಾಗಿಲು ಒಂದು ಗೇಣು ತೆರೆದು ಮಳೆ ಅಡ್ಡವಾಗಿ ಒಳಕ್ಕೆ ನುಗ್ಗಿತು.

"ಸರ್ಕೊಳ್ಲಾ," ಎಂದಳು ಅತ್ತೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಎದುರಿನ ಕಬ್ಬಿಣದ ಬೀರುವಿಗೆ ಪಾದ ಊರಿದಳು. ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಎಲೆಯಡಿಕೆ ಚೀಲ ಕೇಳಿದಳು.

ಹಾಗೆ ಕೂತು ಅವಳು ಗಾಳಿಯ ಜೊತೆ ಅಟ್ಟಣೆಯ ಮಾತು ತೆಗೆದಳು. "ಓಗವ್ವ, ಓಗು. ಇಲ್ಲೇನದ? ಬಾಣಂತಿ ಅವ್ಳೆ, ಕೂಸದ. ಅಗಾ, ಆ ದಿಣ್ಣೆ ಮ್ಯಾಲೆ ಮ್ಯಾನೇಜರ ಮನೆ ಅದ. ಒಳ್ಳೆ ದೊಡ್ಮನೆ. ಬಣ್ಣ ಬಳ್ದವ್ರೆ. ಅಲ್ಲೋಗಿ ನೋಡು."

"ಅಕ್ಕ!" ಎಂದರು ಅಪ್ಪ. ಮ್ಯಾನೇಜರು ಅಪ್ಪನ ಮೇಲಧಿಕಾರಿ.

"ನಾನೇನಂದೆ? ಮಾದಪ್ಪನ ನೆನಿತಾ ಇವ್ನಿ."

ಮಧ್ಯಾಹ್ನದ ಹೊತ್ತಿಗೆ ಗಾಳಿ ಒಮ್ಮೆಗೇ ನಿಂತಿತು. ಕಿವಿ ಕೆಪ್ಪಾಯಿತೇನೋ ಎನ್ನುವಷ್ಟು ಮೌನ. ಹಲಗೆಯ ಸಂದಿನಿಂದ ಬಿಸಿಲು ಬಿತ್ತು. ಅತ್ತೆ ಎದ್ದು, ಬೆನ್ನು ನೀವಿಕೊಂಡು, ಬಾಗಿಲು ತೆಗೆದಳು.

"ಬೇಡ ಅಕ್ಕ. ಇನ್ನರ್ಧ ಬಾಕಿ ಇದೆ. ಹೇಳಿದೆನಲ್ಲ, ತಿರುಗಿ ಬರುತ್ತೆ."

"ಬರಿ ಮಡಿಲಲ್ಲಿ ಕಳ್ಸುದ್ರ ಬತ್ತಾಳೆ. ಕಮಲಾ, ಒಂದು ಮೊರ ತಕ್ಕೊ. ಅಕ್ಕಿ, ಕಾಯಿ, ಬೆಲ್ಲ ಆಕು."

ಅಮ್ಮ ಎದ್ದಳು. ಅಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡರು. "ನೀನೂ ಶುರುಮಾಡಿದೆಯಾ ಕಮಲಾ?" ಆದರೆ ಅಮ್ಮನಿಗೆ ಈ ಮಾತಿನಲ್ಲಿ ತಮಾಷೆ ಕಾಣಿಸುತ್ತಿರಲಿಲ್ಲ. ಮುನಿದ ಹೆಣ್ಣೊಬ್ಬಳು ಬರಿ ಮಡಿಲಲ್ಲಿ ಹೊಸಲು ದಾಟಿದರೆ ಏನಾಗುತ್ತದೆಂದು ಅವಳು ಅಷ್ಟು ವರ್ಷ ಯೋಚಿಸಿದವಳು.

"ರವ್ಕೆ ಬಟ್ಟೆ?" ಎಂದಳು ಅತ್ತೆ.

ಅಮ್ಮ ಟ್ರಂಕಿನ ತಳದಿಂದ ಕಾಗದ ಸುತ್ತಿದ ಒಂದು ಕಟ್ಟು ತೆಗೆದಳು. ಕೊಳ್ಳೇಗಾಲದ ರೇಷ್ಮೆ, ಗಿಳಿ ಹಸಿರು, ಕೆಂಪು ಅಂಚು. ಅತ್ತೆ ಅಭ್ಯಾಸಬಲದಿಂದ ಅದನ್ನು ಬಿಡಿಸಿ ಎದೆಗೆ ಅಡ್ಡ ಹಿಡಿದಳು. ಬಟ್ಟೆ ಈ ತೋಳಿನಿಂದ ಆ ತೋಳಿಗೆ ಹೋಗಿ, ಇನ್ನೂ ಕೆಳಗೆ ಇಳಿಬಿತ್ತು.

"ಇಷ್ಟಗಲದ್ದ ಯಾರಿಗ ಅಂತ ತಂದಿದ್ದೆ?"

"ನಿಮಗೇ ಅತ್ಗೆಮ್ಮ. ಮದುವೆಯಾದ ಮುಂದಿನ ಗೌರಿ ಹಬ್ಬಕ್ಕೇ ತಂದೆ. ಕೊಡೋಣ ಅಂದ್ರೆ ನೀವು ಪ್ರತಿ ಸಲ ಹಿತ್ತಲ ಬಾಗಿಲಲ್ಲಿ..."

ಅತ್ತೆ ಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಕೊನೆಗೆ, "ನಾ ಇಸ್ಕೊಂಡಂಗಲ್ಲ. ಗಾಳವ್ವನ ಪರವಾಗಿ ಇಸ್ಕೊಂಡೆ," ಎಂದು ಮೊರದ ಮೇಲಿಟ್ಟು ಅಂಗಳಕ್ಕೆ ಇಳಿದಳು.

ಹೊರಟ ನೆಂಟರನ್ನು ಊರ ತುದಿಯವರೆಗೆ ಕಳಿಸಿ ಬರುವುದು ಅವಳ ರೂಢಿ. ಮುರಿದು ಬಿದ್ದ ಕೊಂಬೆಗಳನ್ನು ದಾಟುತ್ತಾ, ಅವಳು ಅವಸರವಿಲ್ಲದೆ, ಮನೆಯ ಹಿಂದಕ್ಕೆ ಬಳಸಿ ಹೋಗುವ ಓಣಿಯ ಕೊನೆಗೆ, ಕಬ್ಬಿನ ಗದ್ದೆ ಶುರುವಾಗುವಲ್ಲಿಗೆ ನಡೆದಳು. ಅಪ್ಪ ಬಾಗಿಲಲ್ಲಿ ನಿಂತು ಕೂಗುತ್ತಲೇ ಇದ್ದರು. ಅತ್ತೆ ಅಕ್ಕಿ ಸುರಿದಳು. ಕಾಯಿ ಇಟ್ಟಳು, ಬೆಲ್ಲ ಇಟ್ಟಳು. ರೇಷ್ಮೆ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅತ್ತ ಇತ್ತ ನೋಡಿ, ಅದನ್ನು ಮೆಲ್ಲಗೆ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬೆಟ್ಟದ ಕಡೆಯ ಆಕಾಶ ಅಷ್ಟರಲ್ಲಿ ಕಪ್ಪಾಗಿತ್ತು. ಮೊದಲು ದೂರದ ಕಬ್ಬು ಮಲಗಿತು, ಆಮೇಲೆ ಹತ್ತಿರದ್ದು. ಅಪ್ಪ ಓಡಿದರು. ಗಾಳಿ ಹಿಂದಿನಿಂದ ಅತ್ತೆಯನ್ನು ನೂಕಿತು. ಆ ಮೈ ಅಷ್ಟು ವೇಗವಾಗಿ ಬರುವುದನ್ನು ನಾವು ಯಾರೂ ನೋಡಿರಲಿಲ್ಲ. ಅಪ್ಪ ಅವಳ ಕೈ ಹಿಡಿಯುವುದಕ್ಕೂ ಸೊಂಟದ ಬಟ್ಟೆ ಬಿಚ್ಚಿಕೊಂಡು ಮೇಲೇಳುವುದಕ್ಕೂ ಸರಿಹೋಯಿತು. ಹಸಿರು ರೇಷ್ಮೆ ಮನೆಯ ಚಾವಣಿಗಿಂತ ಎತ್ತರಕ್ಕೆ ಹೋಯಿತು. ಅಪ್ಪ ಇತ್ತ ಎಳೆಯುತ್ತಿದ್ದರೆ ಅತ್ತೆ ಅತ್ತ ಕೈಚಾಚಿ ಕಿರುಚುತ್ತಿದ್ದಳು:

"ಲೇ, ಅದು ನಂದು ಕಣೇ! ನನ್ನ ರವ್ಕೆ ಬಟ್ಟೆ! ನಮ್ಮ ಕಮಲ ನಂಗ ತಂದದ್ದು!"

ಬಾಗಿಲಲ್ಲಿ ನಿಂತಿದ್ದ ಅಮ್ಮ ಇದನ್ನು ಕೇಳಿದಳು. ಇಬ್ಬರನ್ನೂ ಒಳಕ್ಕೆ ಎಳೆದುಕೊಂಡು ಕದ ಹಾಕಿದಳು. ಈಗ ಗಾಳಿ ಬಡಿಯುತ್ತಿದ್ದುದು ಅಡಿಗೆಮನೆಯ ಬಾಗಿಲಿಗೆ. ಅತ್ತೆ ನೀರಿಳಿಯುವ ಸೀರೆಯಲ್ಲೇ ಹೋಗಿ ಅದಕ್ಕೆ ಬೆನ್ನು ಕೊಟ್ಟಳು. ತನ್ನ ಜನ್ಮದಲ್ಲಿ ಮೊದಲ ಸಲ ನಮ್ಮ ಮನೆಯ ಹಿತ್ತಲ ಬಾಗಿಲನ್ನು ಮುಚ್ಚಿ ಹಿಡಿದು ಕೂತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ, ಆ ಮೊರೆತದ ನಡುವೆ ಕೇಳಿಸುವಷ್ಟು ಗಟ್ಟಿಯಾಗಿ, ಬಹಳ ವಿನಯದಿಂದ ಹೇಳಿದಳು: "ಏನೋ ಮರ್ತುಹೋಗಿದ್ಲು ಅತ್ಗೆಮ್ಮ. ತಗೊಂಡು ಹೋಗೋಕೆ ಬಂದ್ಲು."

ಅತ್ತೆ ಅವಳನ್ನು ದುರುಗುಟ್ಟಿಕೊಂಡು ನೋಡಿದಳು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಮದುವೆಯ ದಿನವೂ ಹಾಗೇ ಒತ್ತಿಕೊಂಡಿದ್ದಳೇನೋ. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಅತ್ತೆಯ ಬೆನ್ನು ಅಲುಗತೊಡಗಿತು, ಬಾಗಿಲು ಅಲುಗಿತು. ಅಪ್ಪ ಗಾಳಿ ಜೋರಾಯಿತೆಂದುಕೊಂಡು ಓಡಿಬಂದರು. ಅತ್ತೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

ಸಂಜೆಗೆ ಎಲ್ಲ ಅಡಗಿತು. ನಮ್ಮ ಜಗುಲಿಯ ತಗಡು ಹೋಗಿತ್ತು, ಅಷ್ಟೆ. ದಿಣ್ಣೆಯ ಮೇಲಿನ ಮ್ಯಾನೇಜರ ಮನೆಗೆ ಚಾವಣಿಯೇ ಇರಲಿಲ್ಲ. ಮನೆಯವರೆಲ್ಲ ಆಫೀಸಿನ ಕಟ್ಟಡದಲ್ಲಿ ಸುರಕ್ಷಿತವಾಗಿದ್ದರೆಂದು ತಿಳಿಯುವವರೆಗೆ ಅತ್ತೆ ನೀರೂ ಕುಡಿಯಲಿಲ್ಲ. ಆಮೇಲೆ ಬಹಳ ದಿನ ಆ ಮನುಷ್ಯ ದಾರಿಯಲ್ಲಿ ಎದುರಾದರೆ ಅತ್ತೆ ಕಬ್ಬಿನ ಕಡೆ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದಳು. ಅವರು ಅದನ್ನು ಭಾರತೀಯ ಹೆಂಗಸರ ನಾಚಿಕೆಯೆಂದು ತಿಳಿದು ಟೋಪಿ ತೆಗೆದು ಹೋಗುತ್ತಿದ್ದರು.

ಕಳೆದ ಬಟ್ಟೆಯನ್ನು ಅವಳು ಕಬ್ಬಿನ ಗದ್ದೆಯಲ್ಲೆಲ್ಲ ಹುಡುಕಿದಳು. ಕಡೆಗೆ ಅದು ಕಂಡದ್ದು ಬೇಲಿಯಾಚೆ. ಮೀನಾಚಿ ಹಸಿರು ರೇಷ್ಮೆಯನ್ನು ತಲೆಗೆ ಸುತ್ತಿಕೊಂಡು, ಕೆಂಪಂಚನ್ನು ಹಣೆಗೆ ಒಪ್ಪವಾಗಿ ಕೂರಿಸಿಕೊಂಡು, ಬಟ್ಟೆ ಒಣಹಾಕುತ್ತಿದ್ದಳು.

"ಅಮ್ಮಣ್ಣೀ ಕಮಲಾ, ಬಾ ಇಲ್ಲಿ," ಎಂದು ಅತ್ತೆ ಪಿಸುಗುಟ್ಟಿದಳು. "ಗಾಳವ್ವ ಅಂದ್ರ ಇವಳೇ ಕಣಮ್ಮಿ!"

"ಕೇಳಿ ಇಸ್ಕೊಳ್ಳಲಾ ಅತ್ಗೆಮ್ಮ?"

"ಚೆ, ಮಡ್ಲಿಗ ಕೊಟ್ಟದ್ದ ಯಾರಾದ್ರೂ ತಿರುಗ ಕೇಳ್ತಾರಾ?"

"ನೀವೆಲ್ಲಿ ಕೊಟ್ರಿ? ಕಿತ್ಕೊಂಡು ಹೋದದ್ದು."

"ಎಂಗೋ ಒಂದು. ಓಗ್ಲಿ ಬುಡು, ಅವಳ್ಗ ಒಪ್ತದ."

ತಮ್ಮ ಮಗುಚಿಕೊಳ್ಳಲು ಕಲಿತ ಮೇಲೆ ಅತ್ತೆ ಊರಿಗೆ ಹೊರಟಳು. ಆ ದಿನ ಅಮ್ಮ ಬೆಳಗಿನಿಂದಲೇ ಹಿತ್ತಲ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅದರ ಅಗತ್ಯ ಬೀಳಲಿಲ್ಲ. ಅತ್ತೆ ನಡುಮನೆಯಲ್ಲಿ ಪೂರ್ವಕ್ಕೆ ಮುಖಮಾಡಿ ಕೂತು, ಯಾರೂ ಹೇಳದೆಯೇ ಸೆರಗು ಹರಡಿದಳು. ಅಮ್ಮ ಅಕ್ಕಿ ಹಾಕಿದಳು, ಕಾಯಿ ಹಾಕಿದಳು. ಬಟ್ಟೆಯನ್ನು ಮಾತ್ರ ಕೈಯಲ್ಲೇ ಹಿಡಿದು ನಿಂತಳು. ಅಲ್ಲಿಯ ಅಂಗಡಿಯಲ್ಲಿ ಸಿಕ್ಕಿದ ಹೂವಿನ ಬಟ್ಟೆ. ಎಷ್ಟು ಬೇಕೆಂದು ಹೇಳುವಷ್ಟು ಭಾಷೆ ಅಮ್ಮನಿಗೆ ಬರುತ್ತಿರಲಿಲ್ಲ. ಅಂಗಡಿಯವಳು ಅಮ್ಮನನ್ನೇ ನೋಡಿ ಅವಳ ಅಳತೆಗೆ ಕತ್ತರಿಸಿಬಿಟ್ಟಿದ್ದಳು.

ಅತ್ತೆ ಕೈ ನೀಡಿ ತಾನೇ ಅದನ್ನು ತೆಗೆದುಕೊಂಡಳು. ಬಿಡಿಸಿದಳು. ಎದೆಗೆ ಅಡ್ಡ ಹಿಡಿದಳು. ಅಪ್ಪ ಛತ್ರಿಯನ್ನು ಗಮನವಿಟ್ಟು ನೋಡತೊಡಗಿದರು.

"ಒಂದು ತೋಳಿಗಾಯ್ತದ," ಎಂದಳು ಅತ್ತೆ. ಅಮ್ಮನ ಕಣ್ಣು ತುಂಬಿತು. ಅತ್ತೆ ಬಟ್ಟೆಯನ್ನು ಮಡಿಸಿ, ಮಡಿಲಲ್ಲಿಟ್ಟು, ಸೆರಗು ಬಿಗಿದು ಗಂಟು ಹಾಕಿದಳು. "ಇನ್ನೊಂದು ತೋಳಿಂದ ಊರಿಗ ಬಂದಾಗ ಕೊಡು. ಮರೀಬ್ಯಾಡ."

ನಾವು ಹಿಂದಿರುಗುವ ಹೊತ್ತಿಗೆ ಎಂಬತ್ತರ ದಶಕ ಬಂದಿತ್ತು. ಹಿಂದಿರುಗಿದ ಹೊಸದರಲ್ಲೇ, ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ಅತ್ತೆಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಅಮ್ಮ ಕೊಟ್ಟ ಕಟ್ಟನ್ನು ತೆಗೆದುಕೊಂಡು ಚಾಮರಾಜನಗರದ ಬಸ್ಸು ಹಿಡಿದು ತಿಗನಾರೆಗೆ ಹೋದೆ. ಬಾಗಿಲು ಒರಗಿಸಿತ್ತು. ಒಂದು ಬೆರಳಲ್ಲಿ ತಳ್ಳಿದರೆ ತೆರೆದುಕೊಂಡಿತು. ಅದರ ಹಿಂದೆ ಅತ್ತೆ ಕೂತೇ ಇದ್ದಳು. ನಾನು ತಳ್ಳಿದ್ದಕ್ಕೆ ಸ್ವಲ್ಪ ಮುಂದಕ್ಕೆ ಜಾರಿದ್ದಳು. ಅವಳ ಬೆನ್ನು ಎಲ್ಲಿ ಹೋಯಿತೆಂದು ನನಗೆ ತಿಳಿಯಲಿಲ್ಲ.

"ಸಕ್ಕರೆ ಕಾಯಿಲೆ ಕಣವ್ವ," ಎಂದಳು. "ನಿಮ್ಮಪ್ಪ ಆ ದೇಶ್ದಲ್ಲಿ ಮಾಡ್ದ ಸಕ್ಕರೆಯೆಲ್ಲ ನನ್ನ ಮೈಗೇ ಬಂದು ಸೇರ್ಕಂಡದ."

ಕಟ್ಟು ಬಿಚ್ಚಿದೆ. ಗಿಳಿ ಹಸಿರು, ಕೆಂಪು ಅಂಚು. ಅಮ್ಮ ಹಿಂದಿನದರ ಅಳತೆಗೇ ತಂದಿದ್ದಳು. ಅತ್ತೆ ಅದನ್ನು ಎದೆಗೆ ಅಡ್ಡ ಹಿಡಿದಳು. ಬಟ್ಟೆ ತೋಳುಗಳನ್ನು ದಾಟಿ, ಹಿಂದಕ್ಕೆ ಬಳಸಿ, ಮತ್ತೆ ಮುಂದಕ್ಕೆ ಬಂತು. ಅವಳು ತಲೆ ಬಗ್ಗಿಸಿ ಅದನ್ನೇ ನೋಡಿದಳು.

"ಅಯ್ಯೋ, ಎಲ್ಡು ರವ್ಕೆ ಆಯ್ತದಲ್ಲವ್ವ ಇದು!" ಎಂದಳು ಕೊನೆಗೆ. "ಕತ್ರಿ ತಕ್ಕೊ. ಒಂದು ನಂಗ. ಇನ್ನೊಂದ ನೀ ಮಡಗ್ಕೊ. ಗಾಳವ್ವ ಯಾವಾಗಾದ್ರೂ ತಿರುಗ ಬಂದ್ರ ಕೊಡು. ಇಲ್ದಿದ್ರ ನಿಮ್ಮವ್ವನ್ನ ಕಿತ್ತು ತಿಂತಾಳ."

ಅಂದು ನಾನು ಹಿತ್ತಲಲ್ಲಿ ಕೈ ತೊಳೆದು ಹಾಗೇ ಹೊರಡಲು ನೋಡಿದಾಗ ಅವಳು ಒಳಗಿನಿಂದ ಕೂಗಿದಳು: "ಆ ಬಾಗ್ಲಲ್ಲಿ ಓಗ್ಬ್ಯಾಡ ಕೂಸೇ. ಆ ಬುದ್ಧಿ ನಂಗೇ ಸಾಕು. ಮುಂದ್ಕ ಬಾ." ಮುಂದೆ ಬಂದಾಗ ಮಾವ ಮೊರ ಹಿಡಿದು ನಿಂತಿದ್ದರು. ಅತ್ತೆ ಕೂತಲ್ಲಿಂದಲೇ ನನಗೆ ಮಡಿಲು ತುಂಬಿದಳು.

ಮುಂದಿನ ಸಲ ನಾನು ಅಲ್ಲಿಗೆ ಹೋದದ್ದು ಅವಳು ತೀರಿಕೊಂಡು ಕೆಲವು ದಿನಗಳಾದ ಮೇಲೆ. ಮನೆಯಲ್ಲಿ ಯಾರೂ ಇರಲಿಲ್ಲ. ಮುಂಬಾಗಿಲೂ ಹಿತ್ತಲ ಬಾಗಿಲೂ ತೆರೆದೇ ಇದ್ದವು. ಬೆಟ್ಟದ ಗಾಳಿ ಒಂದು ಕಡೆಯಿಂದ ಬಂದು, ಯಾರೂ ತಡೆಯದೆ, ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ನಾನು ನಡುಮನೆಯಲ್ಲಿ ಕೂತೆ. ಸಂಜೆ ಮಾವ ದನ ಕಟ್ಟಿ ಬಂದರು. ತೆರೆದ ಬಾಗಿಲ ಮುಂದೆ ನಿಂತು ಒಂದು ಸಲ ಕೆಮ್ಮಿದರು. ಒಂದು ಬಾಯಿ ಎಲೆಯಡಿಕೆ ಮುಗಿಯುವಷ್ಟು ಹೊತ್ತು ಕಾದು, ಒಳಗೆ ಬಂದರು.